ಗೋಶಾಲೆಯ ವಿದ್ಯಾರ್ಥಿ

ಕೂಡ್ಲಿಗಿ ಪಟ್ಟಣದಲ್ಲಿ ಮಹಾತ್ಮ ಗಾಂಧೀಜಿಯವರ ಚಿತಾಭಸ್ಮವನ್ನು ಇರಿಸಿರುವ ಹುತಾತ್ಮರ ಸ್ಮಾರಕವೊಂದಿದೆ. ಪೋರಬಂದರಿನಲ್ಲಿ ಹುಟ್ಟಿ, ದೆಹಲಿಯಲ್ಲಿ ಪ್ರಾಣವಿತ್ತ ಮಹಾಪುರುಷನ ದೇಹದ ಒಂದಂಶ ಈ ಬಯಲುಸೀಮೆಯ ಮಣ್ಣಿನಲ್ಲಿ ನೆಲೆಗೊಂಡಿದೆಯೆಂಬುದು ಈ ಭಾಗದ ಜನರಿಗೆ ಹೆಮ್ಮೆಯ ಸಂಗತಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ ಮಳೆಯನ್ನು ನಂಬಿ ಬದುಕುವ ನಾಡು. ಮುಂಗಾರು ಕೈಹಿಡಿದರೆ ಹೊಲದ ಬದುಗಳೆಲ್ಲ ಹಸಿರಾಗುತ್ತವೆ. ದನಗಳ ಮೈ ಹೊಳೆಯುತ್ತದೆ. ಮಾಘಮಾಸದಲ್ಲಿ ಕೊಟ್ಟೂರೇಶ್ವರನ ತೇರು ಮುಗಿಯುವ ಹೊತ್ತಿಗೆ ಹೊಲಗಳು ಬರಿದಾಗುತ್ತವೆ. ಯುಗಾದಿ ಬಂದು, ಬೇವು ಮಾವುಗಳು ಚಿಗುರಿ, ಕವಿಗಳು ವಸಂತವನ್ನು ವರ್ಣಿಸುವ ಕಾಲದಲ್ಲಿ ರೈತನ ಹಿತ್ತಿಲಿನ ಜೋಳದ ಸೊಪ್ಪೆಯ ಬಣವೆ ದಿನದಿನಕ್ಕೂ ಕರಗುತ್ತದೆ. ಆಗ ಖಾಲಿ ಗೋದಲಿಯ ಮುಂದೆ ನಿಂತ ಮೂಕಪ್ರಾಣಿಯ ಕಣ್ಣನ್ನು ನೋಡಿದವರಿಗೆ ಗೋವಿನ ಪೂಜೆ ಬೇರೆ, ಗೋವಿನ ಸೇವೆ ಬೇರೆ ಎಂಬುದು ಹೇಳದೆಯೇ ತಿಳಿಯುತ್ತದೆ.

ಈ ಭೇದವನ್ನು ಕಂಡುಕೊಳ್ಳಲು ಗಾಂಧೀಜಿ ತಮ್ಮ ಬಾಳಿನ ಬಹುಭಾಗವನ್ನು ವ್ಯಯಿಸಿದರು. ಸತ್ಯಾಗ್ರಹಿಯಾಗಿ, ಚರಕದ ಪ್ರವರ್ತಕರಾಗಿ, ಹರಿಜನ ಸೇವಕರಾಗಿ ಅವರನ್ನು ನಾವೆಲ್ಲರೂ ಬಲ್ಲೆವು. ಆದರೆ ಲೋಕವಿಖ್ಯಾತರಾದ ಮೇಲೆ, ರೋಗದಿಂದ ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ, ಅವರು ಬೆಂಗಳೂರಿನ ಒಂದು ಪಶುಸಂಗೋಪನ ಸಂಸ್ಥೆಗೆ ವಿದ್ಯಾರ್ಥಿಯಾಗಿ ಹೋಗಿದ್ದರೆಂಬುದನ್ನು ಬಲ್ಲವರು ಕಡಿಮೆ.

ಮೋಹನದಾಸ ಕರಮಚಂದ ಗಾಂಧಿಯವರು 1869ನೆಯ ಇಸವಿ ಅಕ್ಟೋಬರ್ 2ರಂದು ಪೋರಬಂದರಿನ ವೈಷ್ಣವ ಮನೆತನವೊಂದರಲ್ಲಿ ಜನಿಸಿದರು. ತಾಯಿ ಪುತಲೀಬಾಯಿ ವ್ರತನಿಯಮಗಳಲ್ಲಿ ನಿಷ್ಠೆಯುಳ್ಳ ಸಾಧ್ವಿ. ಅಂಥ ಮನೆಯಲ್ಲಿ ಬೆಳೆದ ಬಾಲಕನಿಗೆ ಗೋವಿನ ವಿಷಯದಲ್ಲಿ ಭಕ್ತಿ ಸಹಜವಾಗಿಯೇ ಬಂದಿತ್ತು. ಆದರೆ ಬಂದುದನ್ನು ಬಂದಂತೆಯೇ ಒಪ್ಪಿಕೊಳ್ಳುವ ಸ್ವಭಾವ ಅವರದಾಗಿರಲಿಲ್ಲ. ಯಾವ ನಂಬಿಕೆಯನ್ನಾದರೂ ಆಚರಣೆಯ ಒರೆಗಲ್ಲಿಗೆ ಹಚ್ಚಿ ನೋಡದೆ ಅವರು ಬಿಡುತ್ತಿರಲಿಲ್ಲ.

1909ರಲ್ಲಿ ಬರೆದ ಹಿಂದ್ ಸ್ವರಾಜ್ ಎಂಬ ಪುಸ್ತಕದಲ್ಲಿ ಅವರು ಗೋರಕ್ಷಣೆಯ ಪ್ರಶ್ನೆಯನ್ನು ಎತ್ತಿಕೊಂಡರು. ಗೋವನ್ನು ಉಳಿಸುವುದಕ್ಕಾಗಿ ಮನುಷ್ಯನನ್ನು ಕೊಲ್ಲುವುದು ಧರ್ಮವಲ್ಲವೆಂದೂ, ನೆರೆಯವನ ಮನಸ್ಸನ್ನು ಪ್ರೀತಿಯಿಂದ ಒಲಿಸಿಕೊಳ್ಳುವುದೊಂದೇ ದಾರಿಯೆಂದೂ ಅವರು ಪ್ರತಿಪಾದಿಸಿದರು. ಗೋವನ್ನು ತಾಯಿಯೆಂದು ಕರೆಯುವವರೇ ಅದನ್ನು ಹಸಿವಿನಿಂದ ಬಳಲಿಸಿ, ಹೊಡೆದು, ಸವೆಸುತ್ತಿರುವುದನ್ನು ಅವರು ಆಗಲೇ ಕಂಡಿದ್ದರು. ಅವರ ದೃಷ್ಟಿ ಅನ್ಯರ ತಪ್ಪಿಗಿಂತ ತಮ್ಮವರ ತಪ್ಪಿನ ಕಡೆಗೆ ಮೊದಲು ತಿರುಗಿತ್ತು.

ದಕ್ಷಿಣ ಆಫ್ರಿಕೆಯ ಟಾಲ್‌ಸ್ಟಾಯ್ ಫಾರ್ಮಿನಲ್ಲಿದ್ದಾಗ, ಕಲ್ಕತ್ತೆಯ ಹಾಲಿನ ವ್ಯಾಪಾರಿಗಳು ಹಸು ಎಮ್ಮೆಗಳ ಕೆಚ್ಚಲಿನಿಂದ ಕೊನೆಯ ಹನಿಯವರೆಗೂ ಹಾಲನ್ನು ಹಿಂಡಲು ಅನುಸರಿಸುತ್ತಿದ್ದ ಕ್ರೂರ ಉಪಾಯಗಳ ವಿವರವನ್ನು ಅವರು ಓದಿದರು. ಅವರ ಮನಸ್ಸು ತಳಮಳಗೊಂಡಿತು. 1912ರಲ್ಲಿ, ಗೆಳೆಯ ಕಾಲನ್‌ಬಾಖ್ ಅವರೊಡನೆ, ಹಾಲನ್ನು ಬಿಡುವ ಸಂಕಲ್ಪ ಕೈಗೊಂಡರು. ಆ ವ್ರತವನ್ನು ಆರು ವರ್ಷಗಳ ಕಾಲ ಅಚಲವಾಗಿ ಪಾಲಿಸಿದರು.

ಭಾರತಕ್ಕೆ ಮರಳಿದ ಮೇಲೆ, 1918ರಲ್ಲಿ, ಖೇಡಾ ಜಿಲ್ಲೆಯ ಹಳ್ಳಿಗಳನ್ನು ಸುತ್ತಿ ದಣಿದ ಅವರಿಗೆ ಆಮಶಂಕೆ ತಗುಲಿತು. ದೇಹ ಎಲುಬಿನ ಹಂದರವಾಯಿತು. ಹಾಲಿಲ್ಲದೆ ಶರೀರ ಮತ್ತೆ ಚೇತರಿಸಿಕೊಳ್ಳಲಾರದೆಂದು ವೈದ್ಯರು ಹೇಳಿದರು. ವ್ರತ ಕೈಗೊಂಡಾಗ ಮನಸ್ಸಿನಲ್ಲಿದ್ದುದು ಹಸುವಿನ ಮತ್ತು ಎಮ್ಮೆಯ ಹಾಲು ಮಾತ್ರ. ಆಡಿನ ಹಾಲಿಗೆ ಅಡ್ಡಿಯೇನು ಎಂದು ಕಸ್ತೂರಬಾ ಕೇಳಿದರು. ಬದುಕಿ ಸತ್ಯಾಗ್ರಹವನ್ನು ಮುಂದುವರಿಸಬೇಕೆಂಬ ಆಸೆ ಗೆದ್ದಿತು. ಅವರು ಆಡಿನ ಹಾಲನ್ನು ಕುಡಿದರು, ಗುಣ ಹೊಂದಿದರು. ಆದರೆ ವ್ರತದ ಅಕ್ಷರವನ್ನು ಉಳಿಸಿಕೊಂಡು ಅದರ ಆತ್ಮವನ್ನು ಕಳೆದುಕೊಂಡೆನೆಂಬ ಕೊರಗು ಅವರನ್ನು ಬಹುಕಾಲ ಕಾಡಿತು.

ಈ ಕೊರಗಿನಿಂದ ಅವರಿಗೆ ಒಂದು ಸತ್ಯ ಸ್ಪಷ್ಟವಾಯಿತು. ಹಾಲನ್ನು ತಾನೊಬ್ಬ ಬಿಟ್ಟುಬಿಡುವುದರಿಂದ ಹಸುವಿನ ಸಂಕಟ ತೀರುವುದಿಲ್ಲ. ಮಕ್ಕಳಿಗೆ, ರೋಗಿಗಳಿಗೆ, ಬಡವರಿಗೆ ಹಾಲು ಬೇಕೇ ಬೇಕು. ಹಾಗಿರುವಾಗ ಹಿಂಸೆಯಿಲ್ಲದೆ ಹಾಲನ್ನು ಪಡೆಯುವ ಬಗೆ ಹೇಗೆ, ಹಾಲು ಕೊಡುವ ಪ್ರಾಣಿಯನ್ನು ಹೊಟ್ಟೆ ತುಂಬ ಮೇಯಿಸಿ ಸುಖವಾಗಿಡುವ ಬಗೆ ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕು. ಆ ಉತ್ತರಕ್ಕೆ ದಯೆಯೊಂದೇ ಸಾಲದು, ವಿದ್ಯೆಯೂ ಬೇಕು.

ದೇಶದಲ್ಲಿ ಸಂಚರಿಸುತ್ತ ಅವರು ನೂರಾರು ಪಿಂಜರಾಪೋಲುಗಳನ್ನೂ ಗೋಶಾಲೆಗಳನ್ನೂ ನೋಡಿದರು. ಧರ್ಮಿಷ್ಠರ ಹಣದಿಂದ ನಡೆಯುತ್ತಿದ್ದ ಅವುಗಳಲ್ಲಿ ಅನೇಕ ಸಂಸ್ಥೆಗಳು ಊರಿನ ಇಕ್ಕಟ್ಟಾದ ಜಾಗಗಳಲ್ಲಿದ್ದವು. ಮೇವು ಬೆಳೆಯಲು ನೆಲವಿಲ್ಲ, ಒಳ್ಳೆಯ ಹೋರಿಯಿಲ್ಲ, ಪಶುವಿನ ಪೋಷಣೆಯನ್ನು ಬಲ್ಲ ಆಳಿಲ್ಲ. ಜಗತ್ತಿನಲ್ಲಿ ಗೋವನ್ನು ಅತಿಯಾಗಿ ಪೂಜಿಸುವ ದೇಶದಲ್ಲಿಯೇ ಗೋವು ಅತಿ ಕೃಶವಾಗಿತ್ತು. ಹಾಲು ಕೊಡದ ಹಸುವನ್ನು ಸಾಕಲಾರದ ಬಡವ ಅದನ್ನು ಸಂತೆಗೆ ಹೊಡೆಯುತ್ತಿದ್ದ. ಅಲ್ಲಿಂದ ಅದು ಕಟುಕನ ಮನೆಯನ್ನು ಸೇರುತ್ತಿತ್ತು. ಮಾರಿದವನನ್ನು ಮರೆತು ಕೊಂಡವನನ್ನು ಮಾತ್ರ ದೂಷಿಸುವುದು ನ್ಯಾಯವಲ್ಲವೆಂದು ಗಾಂಧೀಜಿ ಭಾವಿಸಿದರು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಮಹಾಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಅಧಿವೇಶನವದು. ಅದೇ ಸಮಯದಲ್ಲಿ ಅಲ್ಲಿ ಸೇರಿದ ಗೋರಕ್ಷಣಾ ಪರಿಷತ್ತಿಗೂ ಅವರೇ ಅಧ್ಯಕ್ಷತೆ ವಹಿಸಿದರು. ಮರುವರ್ಷ, 1925ರಲ್ಲಿ, ಅಖಿಲ ಭಾರತ ಗೋರಕ್ಷಣಾ ಸಂಘ ರೂಪುಗೊಂಡಿತು. ಗೋಶಾಲೆಗಳು ಊರ ಹೊರಗಿನ ವಿಶಾಲವಾದ ಬಯಲಿನಲ್ಲಿರಬೇಕು, ಅಲ್ಲಿ ಮೇವನ್ನು ಬೆಳೆಯಬೇಕು, ಒಳ್ಳೆಯ ಹೋರಿಗಳನ್ನು ಸಾಕಬೇಕು, ಜನರಿಗೆ ಶುದ್ಧವಾದ ಹಾಲನ್ನು ಒದಗಿಸಬೇಕು, ತಾನಾಗಿ ಸತ್ತ ಪಶುವಿನ ಚರ್ಮವನ್ನು ಹದಮಾಡುವ ವ್ಯವಸ್ಥೆಯಿರಬೇಕು ಎಂಬುದು ಅವರ ಯೋಜನೆಯಾಗಿತ್ತು. ಚರ್ಮದ ಮಾತನ್ನು ಕೇಳಿ ಕೆಲವು ಸಂಪ್ರದಾಯಸ್ಥರು ಮುಖ ಸಿಂಡರಿಸಿದರು. ಗಾಂಧೀಜಿಯವರು ಹಿಂಜರಿಯಲಿಲ್ಲ. ಸತ್ತ ಪಶುವಿಗೂ ಬೆಲೆ ಬಂದರೆ ಬದುಕಿರುವ ಪಶುವನ್ನು ಕೊಲ್ಲುವ ಲಾಭ ಕುಗ್ಗುವುದೆಂಬುದು ಅವರ ಲೆಕ್ಕಾಚಾರ.

1927ರ ಮಾರ್ಚ್ ತಿಂಗಳಿನಲ್ಲಿ ಖಾದಿಯ ಪ್ರಚಾರಕ್ಕಾಗಿ ಬಿಡುವಿಲ್ಲದೆ ಸಂಚರಿಸುತ್ತಿದ್ದ ಅವರು ಕೊಲ್ಲಾಪುರದ ಕಡೆಯಲ್ಲಿ ತೀವ್ರ ಅಸ್ವಸ್ಥರಾದರು. ರಕ್ತದ ಒತ್ತಡ ಏರಿತ್ತು. ಸಂಪೂರ್ಣ ವಿಶ್ರಾಂತಿ ಬೇಕೆಂದು ವೈದ್ಯರು ವಿಧಿಸಿದರು. ಏಪ್ರಿಲ್ ತಿಂಗಳಲ್ಲಿ ಅವರನ್ನು ನಂದಿಬೆಟ್ಟಕ್ಕೆ ಕರೆತರಲಾಯಿತು. ಬೆಟ್ಟದ ತಂಪಿನಲ್ಲಿ ಸುಮಾರು ಒಂದೂವರೆ ತಿಂಗಳು ಕಳೆದು, ಜೂನ್ ಮೊದಲ ವಾರದಲ್ಲಿ ಬೆಂಗಳೂರಿನ ಕುಮಾರ ಪಾರ್ಕಿನ ಬಿಡಾರಕ್ಕೆ ಬಂದರು. ಆಗ ಅವರಿಗೆ 57 ವರ್ಷ. ಬೇರೆಯವರಾಗಿದ್ದರೆ ವಿಶ್ರಾಂತಿಯೆಂದರೆ ಮಲಗಿರುವುದೆಂದು ಭಾವಿಸುತ್ತಿದ್ದರು. ಗಾಂಧೀಜಿಯವರು ಬಿಡುವಿನ ಆ ದಿನಗಳನ್ನು ಬಹುದಿನಗಳಿಂದ ಉಳಿದುಹೋಗಿದ್ದ ಒಂದು ಪಾಠವನ್ನು ಕಲಿಯಲು ಬಳಸಿಕೊಂಡರು.

ಬೆಂಗಳೂರಿನ ಆಡುಗೋಡಿಯಲ್ಲಿ 1923ರಲ್ಲಿ ಸರ್ಕಾರ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಸಂಸ್ಥೆಯೊಂದನ್ನು ಸ್ಥಾಪಿಸಿತ್ತು. ವಿಲಿಯಂ ಸ್ಮಿತ್ ಎಂಬ ಅಧಿಕಾರಿ ಆಗ ಸರ್ಕಾರದ ಹೈನುಗಾರಿಕೆಯ ತಜ್ಞರಾಗಿದ್ದರು. ಗಾಂಧೀಜಿಯವರು ಸುಮಾರು 15 ದಿನಗಳ ಕಾಲ ಆ ಸಂಸ್ಥೆಯಲ್ಲಿ ಪಶುಪಾಲನೆಯ ತರಬೇತಿ ಪಡೆದರು. ಪಂಡಿತ ಮದನಮೋಹನ ಮಾಳವೀಯರೂ ಅವರ ಜೊತೆಗಿದ್ದರು. ಸಂಸ್ಥೆಯ ಪುಸ್ತಕದಲ್ಲಿ ಗಾಂಧೀಜಿ ತಮ್ಮನ್ನು ಸಾಬರಮತಿಯ ರೈತನೆಂದು ಗುರುತಿಸಿಕೊಂಡರು. ಯಾವ ಸರ್ಕಾರದ ಅಡಿಗಲ್ಲನ್ನು ಅಲುಗಿಸಲು ಅವರು ಹೊರಟಿದ್ದರೋ, ಅದೇ ಸರ್ಕಾರದ ಸಂಸ್ಥೆಯಲ್ಲಿ ವಿನಯದಿಂದ ಶಿಷ್ಯರಾದರು. ವಿದ್ಯೆ ಯಾರಲ್ಲಿದ್ದರೂ ಪೂಜ್ಯವೆಂಬುದು ಅವರ ನಿಲುವಾಗಿತ್ತು.

ವೈಜ್ಞಾನಿಕ ಹೈನುಗಾರಿಕೆ ಅನೇಕ ವಿದ್ಯೆಗಳ ಸಂಗಮ. ತಳಿಯ ಆಯ್ಕೆ, ಕೊಟ್ಟಿಗೆಯ ನಿರ್ಮಲತೆ, ಕರುವಿನ ಪಾಲನೆ, ಹಾಲಿನ ಅಳತೆ, ಆದಾಯ ವೆಚ್ಚಗಳ ಲೆಕ್ಕ ಇವೆಲ್ಲವೂ ಅದರಲ್ಲಿ ಸೇರುತ್ತವೆ. ಎಲ್ಲಕ್ಕೂ ಆಧಾರವಾದುದು ಮೇವು. ಮಳೆಗಾಲದ ನಾಲ್ಕು ತಿಂಗಳು ಮೇಯಿಸಿ, ಬೇಸಿಗೆಯ ನಾಲ್ಕು ತಿಂಗಳು ಉಪವಾಸ ಕೆಡವಿದ ಹಸುವಿನಿಂದ ಯಾವ ತಜ್ಞನೂ ಹಾಲನ್ನು ಕರೆಯಲಾರನು. ಆದುದರಿಂದ ಹಸಿರು ಹೇರಳವಾಗಿರುವಾಗ ಅದನ್ನು ಕೂಡಿಟ್ಟು, ಹಸಿರಿಲ್ಲದ ಕಾಲಕ್ಕೆ ಒದಗಿಸುವ ಕಲೆ ಈ ವಿದ್ಯೆಯ ಮುಖ್ಯ ಅಂಗವಾಗಿದೆ.

ಈ ಕಲೆಯ ಫಲವೇ ರಸಮೇವು. ಸೈಲೇಜು ಎಂಬ ಹೆಸರಿನಿಂದಲೂ ಇದು ಪರಿಚಿತವಾಗಿದೆ. ಫ್ರಾನ್ಸ್ ದೇಶದ ಆಗಸ್ಟ್ ಗೋಫಾರ್ ಎಂಬ ರೈತ ಮೆಕ್ಕೆಜೋಳದ ಹಸಿದಂಟನ್ನು ಹೂಳಿಡುವ ಪ್ರಯೋಗಗಳನ್ನು ನಡೆಸಿ, 1877ರಲ್ಲಿ ಅದನ್ನು ಕುರಿತು ಪುಸ್ತಕ ಬರೆದ ಬಳಿಕ ಈ ಪದ್ಧತಿ ಹಲವು ದೇಶಗಳಿಗೆ ಹರಡಿತು. ಫಿನ್ಲೆಂಡಿನ ರಸಾಯನ ವಿಜ್ಞಾನಿ ವಿರ್ಟಾನೆನ್ ಅವರಿಗೆ 1945ರಲ್ಲಿ ನೊಬೆಲ್ ಪಾರಿತೋಷಕ ದೊರೆತುದಕ್ಕೆ ಮೇವನ್ನು ಕೆಡದಂತೆ ರಕ್ಷಿಸುವ ಅವರ ವಿಧಾನವೇ ಮುಖ್ಯ ಕಾರಣ. ಹಿಮ ಬೀಳುವ ಆ ದೇಶಗಳಲ್ಲಿ ವಸಂತದಲ್ಲಿ ಚಿಗುರಿದ ಹುಲ್ಲನ್ನು ಕೊಯ್ದು ಚಳಿಗಾಲಕ್ಕೆಂದು ಕೂಡಿಡುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಋತುಚಕ್ರ ಬೇರೆ. ಇಲ್ಲಿ ಮಳೆಗಾಲದ ಬೆಳೆಯನ್ನು ವಸಂತಕ್ಕೂ ಗ್ರೀಷ್ಮಕ್ಕೂ ಕೂಡಿಡಬೇಕು.

ರಸಮೇವನ್ನು ಮಾಡುವ ಕ್ರಮ ಸರಳವಾದರೂ ಎಚ್ಚರಿಕೆಯನ್ನು ಬೇಡುತ್ತದೆ. ಮೆಕ್ಕೆಜೋಳ ಅಥವಾ ಜೋಳದ ತೆನೆಯಲ್ಲಿ ಹಾಲು ತುಂಬಿ ಕಾಳು ಗಟ್ಟಿಯಾಗುವ ಮುನ್ನ ದಂಟನ್ನು ಕೊಯ್ಯಬೇಕು. ಹೆಚ್ಚಿನ ನೀರಿನಂಶ ಆರುವಂತೆ ಸ್ವಲ್ಪ ಹೊತ್ತು ಬಾಡಿಸಿ, ಬೆರಳಗಲದಷ್ಟು ಚಿಕ್ಕದಾಗಿ ಕತ್ತರಿಸಬೇಕು. ನೀರು ನಿಲ್ಲದ ಎತ್ತರದ ಜಾಗದಲ್ಲಿ ತೋಡಿದ ಗುಂಡಿಗೆ ಅದನ್ನು ಪದರಪದರವಾಗಿ ತುಂಬಿ, ಒಳಗೆ ಗಾಳಿ ಉಳಿಯದಂತೆ ಬಲವಾಗಿ ತುಳಿಯಬೇಕು. ಕೊನೆಗೆ ಹಾಳೆಯನ್ನೋ ಹುಲ್ಲನ್ನೋ ಹೊದಿಸಿ, ಮೇಲೆ ಮಣ್ಣು ಹೇರಿ ಮುಚ್ಚಬೇಕು. ಗಾಳಿಯಿಲ್ಲದ ಆ ಕತ್ತಲಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು ದಂಟಿನ ಸಕ್ಕರೆಯನ್ನು ಹುಳಿಯಾಗಿ ಮಾರ್ಪಡಿಸುತ್ತವೆ. ಹಾಲು ಮೊಸರಾಗುವಾಗ ಉಂಟಾಗುವುದೂ ಇದೇ ಬಗೆಯ ಹುಳಿ. ಆ ಹುಳಿಯೇ ಮೇವಿಗೆ ಕಾವಲಾಗಿ, ಅದು ಕೊಳೆಯದಂತೆ ತಡೆಯುತ್ತದೆ. ಸುಮಾರು 45 ದಿನಗಳಲ್ಲಿ ರಸಮೇವು ಸಿದ್ಧವಾಗುತ್ತದೆ. ಗಾಳಿ ನುಸುಳಿದರೆ ಬೂಷ್ಟು ಹಿಡಿದು ಶ್ರಮವೆಲ್ಲ ವ್ಯರ್ಥ. ಒಂದು ಹಸುವಿಗೆ ದಿನಕ್ಕೆ 15 ಕಿಲೋಗ್ರಾಮಿನಂತೆ ಬೇಸಿಗೆಯ 120 ದಿನಗಳಿಗೆ 1,800 ಕಿಲೋಗ್ರಾಂ ಬೇಕು. ಒಂದು ಘನಮೀಟರ್ ಗುಂಡಿಯಲ್ಲಿ 500ರಿಂದ 600 ಕಿಲೋಗ್ರಾಂ ಹಿಡಿಯುವುದರಿಂದ, ಮೂರು ನಾಲ್ಕು ಘನಮೀಟರಿನ ಸಣ್ಣ ಗುಂಡಿಯೊಂದು ಒಂದು ಹಸುವಿನ ಬೇಸಿಗೆಯನ್ನು ಕಾಯಬಲ್ಲದು.

ಇಂಥ ವಿದ್ಯೆಯ ಬೆಲೆಯನ್ನು ಗಾಂಧೀಜಿ ಚೆನ್ನಾಗಿ ಅರಿತರು. ಹಸು ತನ್ನ ಪೋಷಣೆಯ ವೆಚ್ಚವನ್ನು ತಾನೇ ದುಡಿದುಕೊಳ್ಳುವಂತಾದರೆ ಅದನ್ನು ಯಾರೂ ಮಾರಬೇಕಾಗಿಲ್ಲ. ಹಾಗಾಗದಿದ್ದರೆ ಕಾನೂನಾಗಲಿ ಕಣ್ಣೀರಾಗಲಿ ಅದನ್ನು ಉಳಿಸಲಾರವು. ಈ ಅಭಿಪ್ರಾಯವನ್ನು ಅವರು ಯಂಗ್ ಇಂಡಿಯಾ, ನವಜೀವನ ಪತ್ರಿಕೆಗಳ ಮೂಲಕ ಜನರ ಮುಂದೆ ಮತ್ತೆ ಮತ್ತೆ ಇರಿಸಿದರು. ಧರ್ಮಬುದ್ಧಿಯೂ ವ್ಯವಹಾರಬುದ್ಧಿಯೂ ಒಂದಾಗಬೇಕೆಂದು ಅವರು ಬಯಸಿದರು. ಅರ್ಥಶಾಸ್ತ್ರಕ್ಕೆ ಹೊಂದದ ಧರ್ಮ ನಿಲ್ಲುವುದಿಲ್ಲವೆಂದೂ, ಧರ್ಮಕ್ಕೆ ಹೊಂದದ ಅರ್ಥಶಾಸ್ತ್ರ ಮನುಷ್ಯನನ್ನು ಕೆಡಿಸುವುದೆಂದೂ ಅವರು ನಂಬಿದ್ದರು.

ಮರುವರ್ಷವೇ ಅವರ ನಿಷ್ಠೆಗೆ ಕಠಿನವಾದ ಪರೀಕ್ಷೆ ಎದುರಾಯಿತು. 1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ವಾಸಿಯಾಗದ ಬೇನೆಯಿಂದ ನರಳುತ್ತಿತ್ತು. ಮಗ್ಗುಲು ಬದಲಿಸಲೂ ಅದಕ್ಕೆ ಶಕ್ತಿಯಿರಲಿಲ್ಲ. ಚಿಕಿತ್ಸೆಯಿಂದ ಫಲವಿಲ್ಲವೆಂದು ನಿಶ್ಚಯವಾದ ಮೇಲೆ, ಆಶ್ರಮವಾಸಿಗಳೊಡನೆ ಸಮಾಲೋಚಿಸಿ, ವೈದ್ಯರಿಂದ ಸೂಜಿಮದ್ದು ಕೊಡಿಸಿ ಅದರ ಯಾತನೆಯನ್ನು ಕೊನೆಗೊಳಿಸಿದರು. ಗೋಭಕ್ತರೆನಿಸಿದವರು ಗೋಹತ್ಯೆ ಮಾಡಿಸಿದರೆಂದು ದೇಶದ ನಾನಾ ಕಡೆಗಳಿಂದ ಕೋಪದ ಪತ್ರಗಳು ಬಂದವು. ಗಾಂಧೀಜಿ ನಡೆದುದನ್ನು ಮುಚ್ಚಿಡಲಿಲ್ಲ. ತಮ್ಮ ಪತ್ರಿಕೆಯಲ್ಲಿಯೇ ಎಲ್ಲವನ್ನೂ ಬಿಚ್ಚಿಟ್ಟು ಬರೆದರು. ಅವರ ತೀರ್ಮಾನವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ನಿಂದೆಗೆ ಹೆದರಿ ಪ್ರಾಣಿಯ ನೋವಿನಿಂದ ಮುಖ ತಿರುಗಿಸಿಕೊಳ್ಳದ ಅವರ ಧೈರ್ಯವನ್ನು ಯಾರೂ ಅಲ್ಲಗಳೆಯುವಂತಿಲ್ಲ.

1930ರ ಉಪ್ಪಿನ ಸತ್ಯಾಗ್ರಹ, ಸೆರೆವಾಸಗಳು, ಉಪವಾಸಗಳು ಒಂದರ ಹಿಂದೊಂದು ಬಂದವು. 1933ರ ನವೆಂಬರಿನಲ್ಲಿ ಅಸ್ಪೃಶ್ಯತೆಯ ನಿವಾರಣೆಗಾಗಿ ಅವರು ದೇಶದಾದ್ಯಂತ ಹರಿಜನ ಪ್ರವಾಸವನ್ನು ಕೈಗೊಂಡರು. ಆ ಪ್ರವಾಸದಲ್ಲಿಯೇ, 1934ರ ಮಾರ್ಚ್ ತಿಂಗಳಿನಲ್ಲಿ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿಯೂ ಸಂಡೂರಿನಲ್ಲಿಯೂ ಸಂಚರಿಸಿದರು. ಸತ್ತ ದನವನ್ನು ಸಾಗಿಸಿ, ಅದರ ಚರ್ಮವನ್ನು ಹದಮಾಡಿ, ರೈತನ ಬಾವಿಗೆ ಮಿಣಿಯನ್ನೂ ಕಾಲಿಗೆ ಮೆಟ್ಟನ್ನೂ ಒದಗಿಸುತ್ತಿದ್ದವರನ್ನೇ ಸಮಾಜ ದೂರವಿಟ್ಟಿತ್ತು. ಗೋಸೇವೆಯ ಮಾತು ಆಡುವವರು ಈ ಜನರ ಸೇವೆಯನ್ನು ಕಡೆಗಣಿಸುವಂತಿಲ್ಲವೆಂಬುದನ್ನು ಗಾಂಧೀಜಿ ತಮ್ಮ ನಡೆಯಿಂದಲೇ ತೋರಿಸಿದರು.

1936ರಲ್ಲಿ ಅವರು ವಾರ್ಧಾದ ಸಮೀಪದ ಸೇವಾಗ್ರಾಮದಲ್ಲಿ ನೆಲೆಸಿದರು. 1941ರಲ್ಲಿ ಗೋಸೇವಾ ಸಂಘ ಸ್ಥಾಪನೆಯಾಯಿತು. ಸಂಘದ ಹೆಸರಿನಲ್ಲಿ ರಕ್ಷಣೆಯೆಂಬ ಪದದ ಬದಲು ಸೇವೆಯೆಂಬ ಪದ ಬಂದುದು ಗಮನಾರ್ಹ. ಉದ್ಯಮಿಯಾಗಿದ್ದ ಜಮ್ನಾಲಾಲ್ ಬಜಾಜರು ಅದಕ್ಕೆ ತಮ್ಮನ್ನು ಮುಡಿಪಾಗಿ ಇಟ್ಟುಕೊಂಡರು. 1942ರ ಫೆಬ್ರವರಿಯಲ್ಲಿ ಅವರು ಅಕಾಲಮರಣಕ್ಕೆ ತುತ್ತಾದುದು ಗಾಂಧೀಜಿಯವರಿಗೆ ದೊಡ್ಡ ಆಘಾತವಾಯಿತು. ಅದೇ ತಿಂಗಳು ಅವರು ಸಹಕಾರದ ಮೂಲಕ ಪಶುಪಾಲನೆ ನಡೆಯಬೇಕೆಂದು ಹರಿಜನ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಒಂದೊಂದು ಮನೆಯಲ್ಲಿ ಒಂದೆರಡು ದನಗಳನ್ನು ಕಟ್ಟಿಕೊಂಡ ಬಡ ರೈತ ಒಬ್ಬನೇ ಒಳ್ಳೆಯ ಹೋರಿಯನ್ನಾಗಲಿ ಮೇವಿನ ನೆಲವನ್ನಾಗಲಿ ಹೊಂದಲಾರ. ಊರಿನವರು ಒಂದುಗೂಡಿದರೆ ಇವೆಲ್ಲವೂ ಸಾಧ್ಯ ಎಂಬುದು ಅವರ ವಾದವಾಗಿತ್ತು. ಮುಂದಿನ ದಶಕಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಬೆಳೆದು ನಿಂತ ಹಾಲು ಉತ್ಪಾದಕರ ಸಹಕಾರ ಸಂಘಗಳನ್ನು ನೋಡಿದಾಗ ಈ ಮಾತು ನೆನಪಾಗದಿರದು.

1948ರ ಜನವರಿ 30ರಂದು ದೆಹಲಿಯಲ್ಲಿ ಗಾಂಧೀಜಿ ಗುಂಡಿಗೆ ಬಲಿಯಾದರು. ಅವರು ಕಲಿತ ಬೆಂಗಳೂರಿನ ಸಂಸ್ಥೆ ಮುಂದೆ ರಾಷ್ಟ್ರೀಯ ಹೈನು ಸಂಶೋಧನ ಸಂಸ್ಥೆಯಾಗಿ ಬೆಳೆಯಿತು. 1955ರಲ್ಲಿ ಅದರ ಮುಖ್ಯ ಕೇಂದ್ರ ಹರಿಯಾಣದ ಕರ್ನಾಲಿಗೆ ಹೋದ ಮೇಲೆಯೂ ಬೆಂಗಳೂರಿನ ಆವರಣ ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿ ಉಳಿಯಿತು.

ಕೂಡ್ಲಿಗಿಯ ಸ್ಮಾರಕದ ಸುತ್ತಣ ಸೀಮೆಯಲ್ಲಿ ಈಗ ಮೆಕ್ಕೆಜೋಳದ ಬೆಳೆ ವಿಶೇಷವಾಗಿದೆ. ಮಳೆಗಾಲದಲ್ಲಿ ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಹೊಲಗಳಲ್ಲಿ ಆಳೆತ್ತರಕ್ಕೆ ಬೆಳೆದ ಹಸಿರಿನಲ್ಲಿ ಒಂದು ಪಾಲನ್ನು ಗುಂಡಿಯಲ್ಲಿ ಮುಚ್ಚಿಟ್ಟ ರೈತ, ಯುಗಾದಿಯ ಬಿಸಿಲಿನಲ್ಲಿ ಅದನ್ನು ತೆರೆದಾಗ ಹುಳಿಮಿಶ್ರಿತವಾದ ಸುವಾಸನೆ ಕೊಟ್ಟಿಗೆಯನ್ನು ತುಂಬುತ್ತದೆ. ಹಸು ಕಿವಿ ನಿಮಿರಿಸಿ ಗೋದಲಿಯ ಕಡೆಗೆ ತಿರುಗುತ್ತದೆ. ಆ ರೈತ ಹಸುವಿನ ಕೊಂಬಿಗೆ ಹೂ ಮುಡಿಸದೆ ಇರಬಹುದು. ಆದರೂ 57ನೆಯ ವಯಸ್ಸಿನಲ್ಲಿ ಗೋಶಾಲೆಯ ವಿದ್ಯಾರ್ಥಿಯಾದ ಆ ಮಹಾತ್ಮನಿಗೆ ಅವನು ಸಹಪಾಠಿಯೆಂದೇ ಹೇಳಬೇಕು.